ಅಪ್‌ಡೇಟ್: ನಾಲ್ಕು ಸಲ ವಾಪಸ್ ಬಂದ ಕಥೆ ಕೊನೆಗೂ ಅಚ್ಚಾಯ್ತು

ಮೂರು ವಾರದ ಹಿಂದೆ "ನನ್ನ ಕಥೆ ನಾಲ್ಕು ಕಡೆಯಿಂದ ವಾಪಸ್ ಬಂತು, ಬರೆಯೋದನ್ನೇ ಬಿಟ್ಟುಬಿಡಲಾ?" ಅಂತ ಕೇಳಿದ್ದೆ. ಮೊನ್ನೆ ಭಾನುವಾರ ಅದೇ ಕಥೆ ಇಲ್ಲಿ ದಾವಣಗೆರೆಯ ಒಂದು ಪತ್ರಿಕೆಯಲ್ಲಿ ಬಂತು!

ಆಗ ನಿಮ್ಮಲ್ಲಿ ಕೆಲವರು ಬೆಳಿಗ್ಗೆ ಐದಕ್ಕೆ ಎದ್ದು ದಿನಾ ಸಾವಿರ ಪದ ಬರೆಯಿರಿ ಅಂದಿದ್ರಲ್ಲ, ಅದು ನನಗೆ ಆಗಲಿಲ್ಲ. ನಾಲ್ಕನೇ ದಿನವೇ ನೋಟ್‌ಬುಕ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ.

ಕೆಲಸಕ್ಕೆ ಬಂದಿದ್ದು "ಬರೆದದ್ದನ್ನು ಸಾಹಿತ್ಯ ಓದದವರ ಮುಂದೆ ಜೋರಾಗಿ ಓದಿ" ಅನ್ನೋ ಸಲಹೆ. ಕಥೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯೋ ಹೆಂಗಸಿನದು. ದೊಡ್ಡಮ್ಮ ಹತ್ತು ವರ್ಷ ಅದೇ ಕೆಲಸ ಮಾಡಿದವರು. ಅವರಿಗೇ ಓದಿದೆ. "ಅವಳ ಮನದಂಗಳದಲ್ಲಿ ವಿಷಾದದ ಕಾರ್ಮೋಡ" ಅಂತ ಶುರುವಾಗ್ತಿತ್ತು. ದೊಡ್ಡಮ್ಮ ತಡೆದು, "ಭಟ್ಟಿ ಮುಂದೆ ನಿಂತೋಳಿಗೆ ಮೋಡ ಎಲ್ಲಿ ಕಾಣ್ತತೋ? ಕಣ್ಣಿಗೆ ಹೊಗೆ, ಕೂದಲ ತುಂಬಾ ಹೊಟ್ಟಿನ ಬೂದಿ" ಅಂದ್ರು. ಮೊದಲ ಒಂದೂವರೆ ಪುಟ ಹೊಡೆದು ಹಾಕಿ, ಆ ಬೂದಿಯಿಂದಲೇ ಕಥೆ ಶುರು ಮಾಡಿದೆ. ಎರಡನೇ ಸಲ ಓದಿದಾಗ ದೊಡ್ಡಮ್ಮ ಸುಮ್ನೆ ಕೂತಿದ್ರು. ಟೀ ಆರಿಹೋಗಿತ್ತು.

ಇನ್ನೊಂದು ವಿಷಯ. ಪುಸ್ತಕ ಮಾಡಿಕೊಡ್ತೀವಿ ಅಂದ ಒಬ್ಬರು ಐಎಸ್‌ಬಿಎನ್‌ಗೇ (ಪ್ರತಿ ಪುಸ್ತಕಕ್ಕೂ ಕೊಡೋ ಗುರುತಿನ ಸಂಖ್ಯೆ) ಬೇರೆ ದುಡ್ಡು ಕೇಳಿದ್ರು. ನಮ್ಮ ದೇಶದಲ್ಲಿ ಅದನ್ನು ಸರ್ಕಾರ ಪುಕ್ಕಟೆ ಕೊಡುತ್ತೆ, ಲೇಖಕರೇ ಆನ್‌ಲೈನಲ್ಲಿ ಅರ್ಜಿ ಹಾಕಬಹುದು! ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ. ಆದರೆ ಪುಸ್ತಕ ಆಗೋಕೆ ಇನ್ನೂ ಏಳೆಂಟು ಕಥೆ ಬೇಕು, ನನ್ನ ಹತ್ರ ಇರೋದು ಎರಡು.

ಪತ್ರಿಕೆಯ ಆ ಹಾಳೆ ಈಗ ದೊಡ್ಡಮ್ಮನ ಟ್ರಂಕಿನಲ್ಲಿದೆ. ನನಗೆ ಜೆರಾಕ್ಸ್ ಮಾತ್ರ ಸಿಕ್ಕಿದೆ.