ಕುಳ್ಳಗಿರುವ ಮಗುವಿನ ಡೆಕ್ಸಾ ವರದಿ: ಮೂಳೆ ನಿಜಕ್ಕೂ ಟೊಳ್ಳೇ, ಇಲ್ಲ ಬರೀ ಚಿಕ್ಕದೇ?

ಪ್ರಶ್ನೆ

6 ವರ್ಷದ ಹುಡುಗ, ಎತ್ತರ 103 ಸೆಂ.ಮೀ. ವಯಸ್ಸಿಗೆ ಹೋಲಿಸಿದರೆ ಎತ್ತರದ ಝಡ್ ಸ್ಕೋರ್ (ಅದೇ ವಯಸ್ಸಿನವರ ಸರಾಸರಿಯಿಂದ ಎಷ್ಟು ದೂರ ಅನ್ನೋ ಅಂಕ; 0 ಅಂದರೆ ಸರಾಸರಿ) ಸುಮಾರು -2.6. ಸೊಂಟದ ಭಾಗದ ಬೆನ್ನುಮೂಳೆಯ ಡೆಕ್ಸಾ (ಎಕ್ಸ್‌ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ) ಸ್ಕ್ಯಾನ್‌ನಲ್ಲಿ ಝಡ್ ಸ್ಕೋರ್ -2.4. ವರದಿಯ ಕೊನೆಗೆ ‘ಆಸ್ಟಿಯೋಪೊರೋಸಿಸ್’ (ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ರೋಗ) ಅಂತ ಬರೆದಿದ್ದಾರೆ. ಇದುವರೆಗೆ ಮೂಳೆ ಮುರಿದಿಲ್ಲ, ಬೆನ್ನುನೋವಿಲ್ಲ, ಸ್ಟೀರಾಯ್ಡ್ ಕೊಟ್ಟಿಲ್ಲ. ವಿಟಮಿನ್ ಡಿ ಮಿ.ಲೀ.ಗೆ 9 ನ್ಯಾನೊಗ್ರಾಂ. ಆಲ್ಕಲೈನ್ ಫಾಸ್ಫಟೇಸ್ (ಮೂಳೆ ಮತ್ತು ಯಕೃತ್ತಿನಿಂದ ಬರುವ ಕಿಣ್ವ) 290, ಪಕ್ಕದಲ್ಲಿ ‘ಹೆಚ್ಚು’ ಅನ್ನೋ ಗುರುತು. ಮೂಳೆ ಗಟ್ಟಿ ಮಾಡುವ ಔಷಧಿ ಈಗಲೇ ಬೇಕಾಗುತ್ತದೆಯೇ? ಇನ್ನೇನು ಪರೀಕ್ಷೆ ಮಾಡಿಸಬೇಕು?

ಉತ್ತರ 1

ಆ ಪದವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮಕ್ಕಳಲ್ಲಿ ಬರೀ ಸ್ಕ್ಯಾನ್ ಸಂಖ್ಯೆ ನೋಡಿ ಆಸ್ಟಿಯೋಪೊರೋಸಿಸ್ ಅನ್ನುವ ಹಾಗಿಲ್ಲ. ದೊಡ್ಡ ಪೆಟ್ಟಿಲ್ಲದೆ ಬೆನ್ನುಮೂಳೆ ಕುಸಿದಿರಬೇಕು. ಇಲ್ಲವೇ ಝಡ್ -2 ಅಥವಾ ಅದಕ್ಕಿಂತ ಕೆಳಗಿದ್ದು, ಜೊತೆಗೆ 10 ವರ್ಷದೊಳಗೆ ಕೈಕಾಲಿನ ಉದ್ದ ಮೂಳೆಗಳು ಎರಡು ಸಲವಾದರೂ ಮುರಿದಿರಬೇಕು. ಇವೆರಡೂ ಇಲ್ಲದಿದ್ದರೆ ‘ವಯಸ್ಸಿಗೆ ಕಡಿಮೆ ಮೂಳೆ ಸಾಂದ್ರತೆ’ ಅಷ್ಟೇ.

ಅದೂ ಎಷ್ಟು ನಿಜ ಅನ್ನೋದು ಎತ್ತರದ ಮೇಲೆ ನಿಂತಿದೆ. ಡೆಕ್ಸಾ ಮೂಳೆಯ ದಪ್ಪ ಅಳೆಯುವುದಿಲ್ಲ. ಖನಿಜದ ತೂಕವನ್ನು ಚದರ ಸೆಂ.ಮೀ.ಗೆ ಭಾಗಿಸುತ್ತದೆ. ಒಂದೇ ವಸ್ತುವಿನಿಂದ ಮಾಡಿದ 2 ಸೆಂ.ಮೀ. ಮತ್ತು 3 ಸೆಂ.ಮೀ. ಘನಗಳನ್ನು ಯಂತ್ರದಡಿ ಇಟ್ಟರೆ ಮೊದಲನೆಯದು 8÷4=2, ಎರಡನೆಯದು 27÷9=3 ತೋರಿಸುತ್ತದೆ. ವಸ್ತು ಒಂದೇ, ಚಿಕ್ಕದು ಮಾತ್ರ ‘ತೆಳು’ವಾಗಿ ಕಂಡಿತು. 103 ಸೆಂ.ಮೀ. ಸರಿಸುಮಾರು 4 ವರ್ಷದ ಹುಡುಗನ ಸರಾಸರಿ ಎತ್ತರ. ಅವನನ್ನು 6 ವರ್ಷದವರ ಸಾಲಿನಲ್ಲಿಟ್ಟು ಅಳೆದದ್ದೇ -2.4 ಬರಲು ದೊಡ್ಡ ಕಾರಣ ಇರಬಹುದು.

ಸ್ಕ್ಯಾನ್ ಕೇಂದ್ರದಿಂದ ಖನಿಜಾಂಶ (ಗ್ರಾಂ) ಮತ್ತು ವಿಸ್ತೀರ್ಣ ಇರುವ ಪೂರ್ತಿ ಹಾಳೆ ಕೇಳಿ ಪಡೆಯಿರಿ. ಎತ್ತರಕ್ಕೆ ಸರಿಪಡಿಸಿದ ಝಡ್ ಲೆಕ್ಕ ಹಾಕಿಸಿ. ತಲೆ ಬಿಟ್ಟು ಇಡೀ ದೇಹದ ಸ್ಕ್ಯಾನ್ ಆಗಿದೆಯೇ ನೋಡಿ. ಬೆಳೆಯುವ ಮಕ್ಕಳಲ್ಲಿ ತೊಡೆಸಂದಿನ ಅಳತೆ ನೆಚ್ಚಿಕೊಳ್ಳುವಂಥದ್ದಲ್ಲ. ಟಿ ಸ್ಕೋರ್ ಬರೆದಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಅದು ವಯಸ್ಕರ ಜೊತೆಗಿನ ಹೋಲಿಕೆ.

ಉತ್ತರ 2

ಮೇಲಿನದು ಸರಿ. ಆದರೆ ಸರಿಪಡಿಸಿದ ಝಡ್ ಚೆನ್ನಾಗಿ ಬಂದರೂ ಕೆಲಸ ಮುಗಿಯುವುದಿಲ್ಲ. ಮಗು ಯಾಕೆ ಬೆಳೆಯುತ್ತಿಲ್ಲ ಅನ್ನೋದೇ ಮುಖ್ಯ ಪ್ರಶ್ನೆ, ಮೂಳೆಯ ಉತ್ತರವೂ ಹೆಚ್ಚಾಗಿ ಅಲ್ಲೇ ಇರುತ್ತದೆ.

ಈ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯಬೇಕು. ಹಳೆಯ ಅಳತೆಗಳನ್ನು ಚಾರ್ಟಿನಲ್ಲಿ ಗುರುತಿಸಿ. 4ಕ್ಕಿಂತ ಕಡಿಮೆ ಇದ್ದರೆ ತಡಮಾಡಬೇಡಿ. ಮೂಳೆಯ ವಯಸ್ಸು ನೋಡಲು ಎಡಗೈಯ ಎಕ್ಸ್‌ರೇ ಬೇಕು. ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ (ಕ್ಯಾಲ್ಸಿಯಂ ನಿಯಂತ್ರಿಸುವ ಹಾರ್ಮೋನ್), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಬೈಕಾರ್ಬೊನೇಟ್ (ರಕ್ತದ ಆಮ್ಲದ ಸಮತೋಲನ), ಥೈರಾಯ್ಡ್, ಐಜಿಎಫ್-1 (ಬೆಳವಣಿಗೆಯ ಹಾರ್ಮೋನಿನ ಸುಳಿವು) ನೋಡಿಸಿ. ಬೈಕಾರ್ಬೊನೇಟ್ ಬಿಟ್ಟರೆ ಕಿಡ್ನಿ ಕೊಳವೆಗಳ ಆಮ್ಲದ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಅದು ಬೆಳವಣಿಗೆಯನ್ನೂ ಮೂಳೆಯನ್ನೂ ಒಟ್ಟಿಗೆ ಕೆಡಿಸುತ್ತದೆ.

ಸೀಲಿಯಾಕ್ (ಗೋಧಿಯಂಥ ಧಾನ್ಯಗಳ ಗ್ಲುಟನ್‌ನಿಂದ ಕರುಳು ಕೆಡುವ ರೋಗ) ಪರೀಕ್ಷೆ ಮರೆಯಬೇಡಿ. ಟಿಟಿಜಿ-ಐಜಿಎ (ಈ ರೋಗ ಪತ್ತೆಹಚ್ಚುವ ರಕ್ತಪರೀಕ್ಷೆ) ಜೊತೆ ಒಟ್ಟು ಐಜಿಎ (ಒಂದು ಬಗೆಯ ಪ್ರತಿಕಾಯ) ಕೂಡ ಮಾಡಿಸಬೇಕು, ಇಲ್ಲದಿದ್ದರೆ ಐಜಿಎ ಕೊರತೆ ಇರುವ ಮಗುವಿನಲ್ಲಿ ‘ನೆಗೆಟಿವ್’ ಅಂತ ತಪ್ಪಾಗಿ ಬರಬಹುದು. ಪರೀಕ್ಷೆಗೆ ಮುಂಚೆ ಗ್ಲುಟನ್ ನಿಲ್ಲಿಸಲೇಬಾರದು.

ಲ್ಯಾಬ್‌ನ ‘ಹೆಚ್ಚು’, ‘ಕಡಿಮೆ’ ಗುರುತುಗಳನ್ನು ಕಣ್ಮುಚ್ಚಿ ನಂಬಬೇಡಿ. ಆಲ್ಕಲೈನ್ ಫಾಸ್ಫಟೇಸ್ 290 ವಯಸ್ಕರಿಗೆ ಹೆಚ್ಚು, 6 ವರ್ಷದ ಮಗುವಿಗೆ ಸಹಜ. ಅಪಾಯ ಇರೋದು ತಿರುವುಮುರುವಾದಾಗ: ಫಾಸ್ಫರಸ್ 2.8 ಬಂದರೆ ವಯಸ್ಕರ ಮಿತಿಯಲ್ಲಿ ‘ನಾರ್ಮಲ್’ ಅಂತ ದಾಟಿಹೋಗುತ್ತದೆ, ಮಗುವಿಗೆ ಅದು ಕಡಿಮೆ.

ಉತ್ತರ 3

ಔಷಧಿಯ ವಿಷಯ. ವಿಟಮಿನ್ ಡಿ 12ಕ್ಕಿಂತ ಕೆಳಗಿದ್ದರೆ ಅದು ಕೊರತೆಯೇ, ಸ್ಕ್ಯಾನ್ ಏನೇ ಹೇಳಲಿ. 1ರಿಂದ 12 ವರ್ಷದವರಿಗೆ ರಿಕೆಟ್ಸ್ (ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರೋಗ) ಚಿಕಿತ್ಸೆಯ ಪ್ರಮಾಣ ದಿನಕ್ಕೆ 3000–6000 ಐಯು (ವಿಟಮಿನ್ ಅಳೆಯುವ ಏಕಮಾನ), ಕನಿಷ್ಠ 90 ದಿನ, ಜೊತೆಗೆ ಆಹಾರದಿಂದಲೋ ಮಾತ್ರೆಯಿಂದಲೋ ದಿನಕ್ಕೆ 500 ಮಿ.ಗ್ರಾಂ. ಕ್ಯಾಲ್ಸಿಯಂ, ಆಮೇಲೆ ದಿನಕ್ಕೆ 600 ಐಯು. ಈ ಮಗುವಿಗೆ ಎಷ್ಟು ಅನ್ನೋದನ್ನು ವೈದ್ಯರೇ ನಿರ್ಧರಿಸಲಿ. ಹನಿ ಔಷಧಿಯಲ್ಲಿ ಎಡವಟ್ಟಾಗುವುದು ಸಾಂದ್ರತೆಯಲ್ಲಿ: ಒಂದು ಬಾಟಲಿಯ 1 ಮಿ.ಲೀ.ನಲ್ಲಿ 400 ಐಯು ಇದ್ದರೆ ಇನ್ನೊಂದರ ಒಂದೇ ಹನಿಯಲ್ಲಿ ಅಷ್ಟಿರುತ್ತದೆ. ಬ್ರ್ಯಾಂಡ್ ಬದಲಾದಾಗಲೆಲ್ಲ ಲೇಬಲ್ ಓದಿ.

ಬಿಸ್‌ಫಾಸ್ಫೊನೇಟ್ (ನೀವು ಕೇಳಿದ ಮೂಳೆ ಗಟ್ಟಿ ಮಾಡುವ ಔಷಧಿ) ಈಗ ಬೇಡ. ಅದು ಮೂಳೆ ಮುರಿಯುತ್ತಿರುವ ಮಕ್ಕಳಿಗೆ. ವಿಟಮಿನ್ ಡಿ ಕೊರತೆ ಇರುವಾಗ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು.

ಪ್ರಶ್ನೆ ಕೇಳಿದವರು

ಕಬ್ಬಿಣದ ಸಿರಪ್ ಕೂಡ ನಡೀತಿದೆ. ಕ್ಯಾಲ್ಸಿಯಂ ಜೊತೆಗೇ ಕೊಡಬಹುದಾ? ಸ್ಕ್ಯಾನ್ ಮತ್ತೆ ಯಾವಾಗ?

ಉತ್ತರ 3

ಎರಡರ ನಡುವೆ 2 ಗಂಟೆ ಬಿಡಿ. ಮುಂದೆ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ಶುರುವಾದರೆ ಅದಕ್ಕೂ ಕ್ಯಾಲ್ಸಿಯಂಗೂ 4 ಗಂಟೆ ಅಂತರ ಬೇಕು. ಕ್ಯಾಲ್ಸಿಯಂ ಕಾರ್ಬೊನೇಟ್ ಊಟದ ಜೊತೆ ಕೊಡಿ, 1250 ಮಿ.ಗ್ರಾಂ. ಮಾತ್ರೆಯಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ವಿಟಮಿನ್ ಡಿ ಮೂರು ತಿಂಗಳಿಗೆ ಮತ್ತೆ ನೋಡಿಸಿ. ಡೆಕ್ಸಾ ವರ್ಷದ ನಂತರ ಸಾಕು, 6 ತಿಂಗಳೊಳಗಂತೂ ಬೇಡ. ಅದೇ ಯಂತ್ರದಲ್ಲೇ ಮಾಡಿಸಿ, ಅವತ್ತಿನ ಎತ್ತರವನ್ನು ವರದಿಯ ಮೇಲೇ ಬರೆಸಿ.