ಸಮಸ್ಯೆ: ಸುತ್ತಿಗೆ ಕಣ್ಣೀರ ಸುರಿಸಿತೆತ್ತಿದ ಕೈಗೇ

ಕುಂದಾನಗರಿ: ಈ ವಾರದ ಸಾಲು ಮ್ಯಾಲೆ ಅದ, ಅದನ್ನs ಕಡೀ ಸಾಲು ಮಾಡಿ ಪದ್ಯ ಪೂರಣ ಮಾಡ್ರಿ. ರವಿವಾರ ರಾತ್ರಿತನಕ ವ್ಯಾಳ್ಯಾ. ಹೋದ ಸಲದ್ಹಂಗ ಜಗಳದಾಗ ಪದ್ಯ ಮುಳುಗಬಾರದು.

ಮಲಪ್ರಭೆ:
ಕೆತ್ತಿದ ಕೆಂಗಲ್ಲೆದುರೊಳ್
ಮುತ್ತಿದ ಮುಪ್ಪಿಂದೆ ನಡುಗೆ ಶಿಲ್ಪಿಯ ಹಸ್ತಂ
ಹೊತ್ತಿಳಿದಾ ಬಾದಾಮಿಯ
ಸುತ್ತಿಗೆ ಕಣ್ಣೀರ ಸುರಿಸಿತೆತ್ತಿದ ಕೈಗೇ

ಕುಂದಾನಗರಿ: ಭೇಷ್.

ಮುದುವೊಳಲವ: ಛಲೋ ಐತಿ.

ಪಿಸುಗುಮ್ಮಟ: ನಂದು ಅಮೆರಿಕದ ಕಾಮಿಕ್ಸಿನ ಜೇನ್ ಫಾಸ್ಟರ್ ಕಥಿ. 2014ರಾಗ ನಾರ್ಸ್ (ಉತ್ತರ ಯುರೋಪಿನ) ಪುರಾಣದ ಸಿಡಿಲಿನ ದೇವರು ಥಾರ್‌ನ ಸುತ್ತಿಗಿ ಮ್ಯೋಲ್ನಿರ್ ಆಕಿ ಕೈಗೆ ಬರ್ತದ. ಆಕೀಗೆ ಸ್ತನ ಕ್ಯಾನ್ಸರ್. ಸುತ್ತಿಗಿ ಹಿಡದಾಗೊಮ್ಮೆ ಬಲ ಬರ್ತದ, ಆದ್ರ ಅದs ಬಲ ಮೈಯಾಗಿನ ಕೀಮೋ ಔಷಧಾನ ವಿಷ ಅಂತ ತಿಳದು ಹೊರಗ ಹಾಕ್ತದ. ಸುತ್ತಿಗಿಗೂ ಜೀವ ಅದ, ಅದರೊಳಗ ಆದಿಕಾಲದ ಬಿರುಗಾಳಿ ಒಂದು ಸೆರಿ ಸಿಕ್ಕದ.

ಮತ್ತೆ ಮರಳೆ ಬಲಮೊಡಲಿಂ
ಕಿತ್ತೆಂ ಮದ್ದನೆ ಗಡೆಂದು ಕೆಳದಿಗೆ ನೊಂದೀ
ಯುತ್ತರನಾಡಿನ ಸಿಡಿಲಿನ
ಸುತ್ತಿಗೆ ಕಣ್ಣೀರ ಸುರಿಸಿತೆತ್ತಿದ ಕೈಗೇ

ಕುಂದಾನಗರಿ: ಉತ್ತರನಾಡು ಅಂದ್ರ ನಾರ್ವೇನೋ, ನಮ್ಮ ಕಡೀದೋ? ಎರಡಕ್ಕೂ ಹೊಂದತದ ಬಿಡ್ರಿ.

ಮುದುವೊಳಲವ: "ಕಿತ್ತೆಂ"? ಅಕ್ಕಾವ್ರ, ಬಾಲ ಹಳಗನ್ನಡದ್ದು, ತಲಿ ಹೊಸಗನ್ನಡದ್ದು ಆತಲ್ಲ. ಕೀೞ್ ಇದ್ದದ್ದು ಕಿೞ್ತು ಆಗ್ತೈತಿ. ರಳ (ೞ, ಹಳಗನ್ನಡದ ಅಕ್ಷರ) ಹಚ್ಚಿದ್ರ ಸಾಲುಗಳ ಎರಡನೇ ಅಕ್ಷರದ ಪ್ರಾಸ ಹೋತು. ರನ್ನ ಹುಟ್ಟಿದ ಊರಾಗ ಕುಂತು ಇದನ್ನ ಓದಿ ಸುಮ್ನಿರಾಕ ಆಗೂದಿಲ್ಲ.

ಪಿಸುಗುಮ್ಮಟ: ರನ್ನ 949ರಾಗ ಹುಟ್ಟಿದಾಂವ. ಈಗ ನಿಮ್ಮ ಮುಧೋಳದಾಗ ಯಾರ ನಾಲಿಗಿ ಮ್ಯಾಲೆ ರಳ ಅದ ಹೇಳ್ರಿ. ಕೊಟ್ಟ ಸಾಲಿನಾಗs "ಸುರಿಸಿತು" ಅದ, ಅದಕ್ಕ ಯಾಕ ಬಾಯಿ ಬಿಡಲಿಲ್ಲ?

ಮುದುವೊಳಲವ: ಸಾಲು ಕೊಟ್ಟಾವ್ರು ಸಡಿಲ ಬಿಟ್ರ ಪೂರಣ ಮಾಡಾವ್ರೂ ಸಡಿಲ ಬಿಡಬೇಕಂತೇನಿಲ್ಲ. "ಗಡ" ತಂದೀರಿ, "ಒಡಲಿಂ" ತಂದೀರಿ. ಇಷ್ಟು ಹಳೇದು ಹಾಕಿದ ಮ್ಯಾಲೆ ಹಳಗನ್ನಡ ವ್ಯಾಕರಣ ಬರದ ಕೇಶಿರಾಜನ ಮಾತು ಕೇಳಬೇಕಾಗ್ತೈತಿ. ಹೋದ ದೀಪಾವಳಿಗೆ ನನ್ನ "ಅಮರ್ದು" ಹಿಡದು ಶಿಥಿಲದ್ವಿತ್ವ (ಒತ್ತಕ್ಷರದ ಹಿಂದಿನ ಅಕ್ಷರ ಲಘು ಆಗೇ ಉಳಿಯೂದು) ಅಂತ ನಾಕು ದಿನ ಕಾಡಿದಾವ್ರು ನೀವs ಅಲ್ಲೇನ್ರಿ?

ಪಿಸುಗುಮ್ಮಟ: ಅಲ್ಲಿ ನಿಮ್ಮ ಗಣ ಒಡದಿತ್ತು. ಇಲ್ಲಿ ನನ್ನ ಗಣ ನೆಟ್ಟಗ ಅದ. ಎರಡನ್ನೂ ಒಂದು ಮಾಡಬ್ಯಾಡ್ರಿ.

ಮಲಪ್ರಭೆ: ನಡಕ ಒಂದು ಮಾತು ಹೇಳ್ತೀನ್ರಿ. ನಾರ್ಸ್ ಪುರಾಣದಾಗ ಆ ಸುತ್ತಿಗಿ ಕಾವು (ಹಿಡಿಕಿ) ಗಿಡ್ಡ. ಅದನ್ನ ಮಾಡೂ ಮುಂದ ಕಿತಾಪತಿ ದೇವರು ಲೋಕಿ ನೊಣ ಆಗಿ ಬಂದು, ತಿದಿ ಒತ್ತೂ ಕುಬ್ಜನ ಕಣ್ರೆಪ್ಪಿ ಕಚ್ಚಿದ. ಗಾಳಿ ಒಂದು ಗಳಿಗಿ ನಿಂತಿತು, ಕಾವು ಅಷ್ಟಕ್ಕs ಉಳೀತು. ನಾ ಸಣ್ಣಾಂವಿದ್ದಾಗ ನಮ್ಮೂರ ಕಂಬಾರ ಕುಲುಮ್ಯಾಗ ತಿದಿ ಒತ್ತತಿದ್ದೆ. ಕೈ ತುಸು ನಿಂತ್ರೂ ಕಾಕಾ ಬೈತಿದ್ರು. ಯಾಕ ಬೈತಿದ್ರು ಅನ್ನೂದು ಈ ಕಥಿ ಓದಿದ ಮ್ಯಾಲೆ ತಿಳೀತು.

ಮುದುವೊಳಲವ: ಕುಲುಮಿ ಆಮ್ಯಾಲೆ. ನನ್ನ ತಿದ್ದುಪಡಿ ನೋಡ್ರಿ: "ತೆತ್ತೆಂ ಮದ್ದನೆ ಗಡೆಂದು". ತೆಱು, ತೆತ್ತು. ಹಳಗನ್ನಡಕ್ಕೂ ಸೈ, ಪ್ರಾಸಕ್ಕೂ ಸೈ. ಬಲಕ್ಕ ಬೆಲಿ ಮದ್ದು ಅಂತ ಅರ್ಥಾನೂ ಏರ್ತೈತಿ.

ಕುಂದಾನಗರಿ: ಇದು ಭಾಳ ಛಲೋ ಅದ, ಪಿಸುಗುಮ್ಮಟ ಅಕ್ಕಾವ್ರ.

ಪಿಸುಗುಮ್ಮಟ: ಪದ ಛಲೋ ಅದ, ಇಲ್ಲಿ ಸುಳ್ಳಾಗ್ತದ. ತೆತ್ತವರು ಯಾರ್ರೀ? ಜೇನ್ ತೆತ್ತಾಳ. ಸುತ್ತಿಗಿ ಕವಡೀನೂ ತೆತ್ತಿಲ್ಲ, ಅದು ಕಿತ್ತದ. ಕೈಯಾಗ ಇದ್ರ ಆಕಿ ಜಡ್ಡು ಏರ್ತದ, ಬಿಟ್ಟು ಹೋದ್ರ ಆಕಿ ಕಾಯೂ ಮಂದಿ ಸಾಯ್ತಾರ. ಹಿಂಗಿದ್ದೂ ಆಕಿ ಕರದಾಗೊಮ್ಮೆ ಹಾರಿ ಬರ್ತದ. ಕಡೀಗೆ, 2018ರ ಸಂಚಿಕ್ಯಾಗ, ಮ್ಯಾಂಗಾಗ್ ಅನ್ನೂ ದೈತ್ಯನ್ನ ಅದಕ್ಕs ಬಿಗದು ಆಕೀನ ಅದನ್ನ ಸೂರ್ಯನೊಳಗ ಒಗೀತಾಳ. ತನ್ನ ಕೈಲೆ ಆದದ್ದನ್ನ "ತೆತ್ತೆಂ" ಅಂದ್ರ ಆ ಸುತ್ತಿಗಿ ಜಾರಿಕೊಂಡ್ಹಂಗ ಆಗ್ತದ. "ಕಿತ್ತೆಂ" ಅಂದಾಗs ಅದರ ಕಣ್ಣೀರಿಗೆ ಕಾರಣ ಸಿಗ್ತದ. ನಾ ಆ ಪದ ಬಿಡೂದಿಲ್ಲ.

ಮಲಪ್ರಭೆ: ಹೌದ್ರಿ.

ಮುದುವೊಳಲವ: "ತೆತ್ತೆಂ" ಹಿಂದ ತಗೊಂಡೆ. ಅರ್ಥದಾಗ ನೀವು ಹೇಳಿದ್ದು ಖರೆ. ರಳದ ಮಾತು ಮಾತ್ರ ಬಿಟ್ಟಿಲ್ಲ. ಮುಂದಿನ ವಾರ ಸಾಲು ಕೊಡೂ ಪಾಳಿ ನಂದು. ಪ್ರಾಸದಾಗ ೞ ಇಟ್ಟs ಕೊಡ್ತೀನಿ.

ಪಿಸುಗುಮ್ಮಟ: ಕೊಡ್ರಿ. ಮೊದಲ ಪೂರಣ ನಂದs.