ಡಿಓ ಸೀಟು, ಎಂಡಿ ಸೀಟು, ಫೀಸಿನ ಲೆಕ್ಕ: ಮೇಡಂನ ಕೇಳಿ

ಅಡ್ಮಿನ್: ಅಮೆರಿಕದಲ್ಲಿ ಮಕ್ಕಳನ್ನು ಮೆಡಿಕಲ್ ಓದಿಸುವವರು ಇಲ್ಲಿ ಕೇಳಿ. ಅಲ್ಲಿ ಡಾಕ್ಟರ್ ಆಗಲು ಎರಡು ಡಿಗ್ರಿ: ಎಂಡಿ, ಇನ್ನೊಂದು ಡಿಓ (ಆಸ್ಟಿಯೋಪತಿ). ಮೇಡಂ ಇರುವುದು ಕಾಲೇಜೊಂದರ ಫೈನಾನ್ಷಿಯಲ್ ಏಡ್ ಆಫೀಸಿನಲ್ಲಿ.

ಎಡಿಸನ್ ಅಮ್ಮ: ನಮಸ್ಕಾರ ಮೇಡಂ. ಡಿಓ ಓದಿದರೆ ಸರ್ಕಾರಿ ಸಾಲ ಸಿಗಲ್ವಂತೆ?

ಮೇಡಂ: ನಮಸ್ಕಾರ. ಸಿಗುತ್ತದೆ. ಎಂಡಿಗೆ ಎಷ್ಟೋ ಡಿಓಗೂ ಅಷ್ಟೇ.

ಡಲ್ಲಾಸ್ ಅಪ್ಪ: ಮಗಳಿಗೆ ಬೇರೆ ರಾಜ್ಯದ ಖಾಸಗಿ ಡಿಓ ಕಾಲೇಜಿನಲ್ಲಿ ಸೀಟಾಗಿದೆ, 2026ರ ಆಗಸ್ಟ್‌ಗೆ. ಫೀಸು, ಬಾಡಿಗೆ, ಊಟ ಸೇರಿ ವರ್ಷಕ್ಕೆ 92,000 ಡಾಲರ್. ನಮ್ಮದು ಗ್ರೀನ್ ಕಾರ್ಡ್. ನ್ಯಾಷನಲ್ ಹೆಲ್ತ್ ಸರ್ವೀಸ್ ಕೋರ್ ಸ್ಕಾಲರ್‌ಶಿಪ್ ಗ್ಯಾರಂಟಿ ಅಂತ ಕನ್ಸಲ್ಟೆಂಟ್ ಹೇಳಿದ್ದಾರೆ. ಬಾಕಿಗೆ ಮೈಸೂರಿನ ಸೈಟ್ ಮಾರಲೇ?

ಮೇಡಂ: ಸ್ವಲ್ಪ ತಡೆಯಿರಿ ಸರ್. ಆ ಸ್ಕಾಲರ್‌ಶಿಪ್ ಅಂದರೆ ಸರ್ಕಾರ ಓದಿಸಿ, ಆಮೇಲೆ ಡಾಕ್ಟರ್ ಕೊರತೆ ಇರುವ ಕಡೆ ದುಡಿಸಿಕೊಳ್ಳುವುದು. ಎಂಡಿ, ಡಿಓ ಇಬ್ಬರಿಗೂ ಇದೆ. ಆದರೆ ಪೌರತ್ವ ಬೇಕು, ಗ್ರೀನ್ ಕಾರ್ಡ್ ಸಾಲದು. ಸೇನೆಯ ಸ್ಕಾಲರ್‌ಶಿಪ್ ಎಚ್‌ಪಿಎಸ್‌ಪಿಯೂ ಹಾಗೇ. ಗ್ಯಾರಂಟಿ ಅಂದವರು ನಿಯಮ ಓದಿಲ್ಲ, ಇಲ್ಲಾ ಓದಿಯೂ ಸುಮ್ಮನಿದ್ದಾರೆ.

ಈಗ ಸಾಲ. 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ (ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಸರ್ಕಾರಿ ಸಾಲ) ಇಲ್ಲ. ಸರ್ಕಾರಿ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್, ಅಷ್ಟೇ. ನಿಮಗೆ ವರ್ಷಕ್ಕೆ 42,000 ಕೊರತೆ. ನಾಲ್ಕು ವರ್ಷಕ್ಕೆ 1,68,000. ಅದನ್ನು ಬ್ಯಾಂಕಿನ ಖಾಸಗಿ ಸಾಲದಲ್ಲಿ ತುಂಬಿದರೆ ನೀವೇ ಜಾಮೀನು. ಹತ್ತು ವರ್ಷ ಸರ್ಕಾರಿ ಅಥವಾ ಲಾಭರಹಿತ ಆಸ್ಪತ್ರೆಯಲ್ಲಿ ದುಡಿದರೆ ಸಿಗುವ ಸಾಲ ಮನ್ನಾ ಇದಕ್ಕಿಲ್ಲ.

ಮಗಳ ಗ್ರೀನ್ ಕಾರ್ಡ್‌ಗೆ ಐದು ವರ್ಷ ಆಗುವುದು ಯಾವಾಗ? ಪೌರತ್ವ ಬಂದ ಮೇಲೆ ಹೆಲ್ತ್ ಸರ್ವೀಸ್ ಕೋರ್ ಸ್ಕಾಲರ್‌ಶಿಪ್‌ಗೆ ಎರಡನೇ ವರ್ಷದಲ್ಲೂ ಅರ್ಜಿ ಹಾಕಬಹುದು. ಆದರೆ ಅವಳಿಗೆ ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗದಂಥದ್ದರಲ್ಲಿ ಮನಸ್ಸಿರಬೇಕು. ದುಡ್ಡು ತಗೊಂಡು ಆಮೇಲೆ ಮೂಳೆ ಸರ್ಜನ್ ಆಗ್ತೀನಿ ಅಂದರೆ ಮೂರು ಪಟ್ಟು ವಸೂಲಿ, ಮೇಲೆ ಬಡ್ಡಿ. ಇನ್ನೊಂದು: ಫೋರ್ಟ್‌ವರ್ತ್‌ನ ಡಿಓ ಕಾಲೇಜು ಸರ್ಕಾರಿ. ನಿಮ್ಮಂಥ ಟೆಕ್ಸಾಸ್‌ನವರಿಗೆ ಫೀಸು ಎಷ್ಟೋ ಕಡಿಮೆ. ಅಲ್ಲಿಗೆ ಅರ್ಜಿ ಹಾಕಿದ್ದಳಾ?

ಚಿಕಾಗೋ ಮಾವ: ನ್ಯೂಯಾರ್ಕಿನ ಎನ್‌ವೈಯು, ಐನ್‌ಸ್ಟೈನ್ ಮೆಡಿಕಲ್ ಕಾಲೇಜುಗಳಲ್ಲಿ ಫೀಸೇ ಇಲ್ಲ. ಡಿಓ ಯಾಕೆ ಬೇಕು? ಪುತ್ತೂರು ಕಟ್ಟು ಹಾಕೋ ಕೋರ್ಸ್ ತಾನೇ?

ಮೇಡಂ: ಅವೆರಡೂ ಎಂಡಿ ಕಾಲೇಜು, ನಿಜ. ಐನ್‌ಸ್ಟೈನ್‌ಗೆ 2024ರಲ್ಲಿ ನೂರು ಕೋಟಿ ಡಾಲರ್ ದಾನ ಬಂತು. ಅಲ್ಲಿ ಸೀಟು ಸಿಗುವುದು ಎಷ್ಟು ಜನಕ್ಕೆ?

ಮಿಷಿಗನ್ ಅತ್ತೆ: ಕಟ್ಟು ಅಂತೆ! ನನ್ನ ಸೊಸೆ ಡಿಓ, ಐಸಿಯು ನೋಡಿಕೊಳ್ಳುತ್ತಾಳೆ. 2020ರಿಂದ ಎಂಡಿ, ಡಿಓ ಇಬ್ಬರಿಗೂ ರೆಸಿಡೆನ್ಸಿ (ಡಿಗ್ರಿ ಆದ ಮೇಲಿನ ಆಸ್ಪತ್ರೆ ತರಬೇತಿ) ಒಂದೇ ವ್ಯವಸ್ಥೆಯಲ್ಲಿ.

ಚಿಕಾಗೋ ಮಾವ: ಎಂಡಿ ಸಿಗದವರು ತಾನೇ ಹೋಗೋದು?

ಮಿಷಿಗನ್ ಅತ್ತೆ: ನಿಮ್ಮ ಮಗನಿಗೆ ಯಾವುದು ಸಿಕ್ತು, ಹೇಳಿ ನೋಡೋಣ.

ಫೀನಿಕ್ಸ್: ಕೆರಿಬಿಯನ್ ಕಾಲೇಜು ಹೇಗೆ ಮೇಡಂ?

ಟ್ಯಾಂಪಾ: ಫಾರ್ವರ್ಡ್ ಬಂದಿದೆ: ‘ಡಿಓ ಮಕ್ಕಳಿಗೆ ಪೂರ್ತಿ ಫೀಸು ಮಾಫಿ. 199 ಡಾಲರ್ ಕಟ್ಟಿ, ಎಫ್‌ಎಸ್‌ಎ ಪಾಸ್‌ವರ್ಡ್ ಕಳಿಸಿ, 11 ಜನಕ್ಕೆ ಹಂಚಿ.’

ಮೇಡಂ: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಸರ್ಕಾರಿ ಸಾಲ, ನೆರವು ಕೇಳುವ ಫ್ಯಾಫ್ಸಾ ಅರ್ಜಿಗೆ ಒಂದು ಸೆಂಟೂ ಕಟ್ಟಬೇಕಿಲ್ಲ. ಎಫ್‌ಎಸ್‌ಎ ಅಂದರೆ ಆ ಅರ್ಜಿ, ಸಾಲದ ಸರ್ಕಾರಿ ಖಾತೆ. ಅದರ ಪಾಸ್‌ವರ್ಡ್ ಅಂದರೆ ಮಗುವಿನ ಸಹಿ. ಅದು ಕೈಗೆ ಸಿಕ್ಕವರು ಮಗುವಿನ ಹೆಸರಲ್ಲಿ ಸಾಲ ಎತ್ತುತ್ತಾರೆ. ಹನ್ನೊಂದು ಜನಕ್ಕೆ ಹಂಚಿದರೆ ಫೀಸು ಮಾಫಿ ಅಂದರೆ ನಂಬೋದಾ? ಓದಿದವರಲ್ವಾ ನೀವೆಲ್ಲ!

ಟ್ಯಾಂಪಾ: ಕೇಳಿದ್ದು ತಪ್ಪಾ?

ಸ್ಯಾನ್‌ಹೋಸೆ: ಮಗನದು ಎಚ್-4, ನಮ್ಮ ಕೆಲಸದ ವೀಸಾ ಮೇಲಿನ ಕುಟುಂಬ ವೀಸಾ. ಸರ್ಕಾರಿ ಸಾಲ?

ಮೇಡಂ: ಇಲ್ಲ. ಎಂಡಿಗೂ ಇಲ್ಲ, ಡಿಓಗೂ ಇಲ್ಲ.

ರ‍್ಯಾಲಿ: ಡಿಓಗೆ ಸಾಲ ಸಿಗತ್ತಾ ಮೇಡಂ?

ಮೇಡಂ: ಮೇಲೆ ಓದಿ.

ಫೀನಿಕ್ಸ್: ಕೆರಿಬಿಯನ್ ಮೇಡಂ??

ಡಲ್ಲಾಸ್ ಅಪ್ಪ: ಫೋರ್ಟ್‌ವರ್ತ್ ಬೇಡ ಅಂದಿದ್ದೂ ಆ ಕನ್ಸಲ್ಟೆಂಟೇ. ಸ್ಕಾಲರ್‌ಶಿಪ್ ಅರ್ಜಿಗೆ ಮಗಳ ಲಾಗಿನ್ ಅವರ ಹತ್ತಿರವೇ ಇದೆ.

ಮೇಡಂ: ಯಾವ ಲಾಗಿನ್? ಎಫ್‌ಎಸ್‌ಎದಾ? ಮಗಳನ್ನು ಎಬ್ಬಿಸಿ, ಈಗಲೇ ಪಾಸ್‌ವರ್ಡ್ ಬದಲಿಸಲು ಹೇಳಿ. ಉಳಿದಿದ್ದು ಆಮೇಲೆ.